ಸಮುದ್ರದ ದೋಣಿ ಕಟ್ಟುತ್ತಿದ್ದ ದಾಜಿ

ದಾಜಿ ಯಾರನ್ನೇ ಹೊಸದಾಗಿ ಕಂಡರೂ ಮೊದಲು ನೋಡುತ್ತಿದ್ದುದು ಅವರ ಸೊಂಟವನ್ನು. ಆಮೇಲೆ ತೊಡೆ, ಆಮೇಲೆ ಭುಜ. ಮುಖದ ಸರದಿ ಬರುತ್ತಿದ್ದುದು ಇದೆಲ್ಲ ಮುಗಿದ ಮೇಲೆ. ನಾನು ರಾಯಬಾಗದಿಂದ ಭೋಜದ ಶಾಲೆಗೆ ವರ್ಗವಾಗಿ ಬಂದು, ಬಾಡಿಗೆಗೆ ಖೋಲಿ ಕೇಳಲು ಅವರ ಅಂಗಳದಲ್ಲಿ ನಿಂತಿದ್ದೆ. ನರೆತ ಮೀಸೆಯ ಈ ಮನುಷ್ಯ ಉಳಿ ಕೆಳಗಿಟ್ಟು, ತಲೆ ಓರೆ ಮಾಡಿ, ನನ್ನ ನಡುವನ್ನು ಒಂದೇ ಸಮನೆ ನೋಡತೊಡಗಿದರು. ನನಗೆ ಮೈಯೆಲ್ಲ ಉರಿಯಿತು. ಚೀಲ ಎತ್ತಿಕೊಂಡು ಬಂದ ಬಸ್ಸಿಗೇ ತಿರುಗಿ ಹೋಗುವವಳಿದ್ದೆ.

"ತಪ್ಪ ತಿಳ್ಕೋಬ್ಯಾಡ್ರಿ ಅಕ್ಕೋರ," ಅಂದರು ಅವರು, ಬಹಳ ಗಂಭೀರವಾಗಿ. "ನಿಮಗ ಅಗಲ ಜರಾ ಜಾಸ್ತಿ ಬೇಕಾಗ್ತೈತಿ. ಆದ್ರ ತಳಾ ಗುಂಡಗ ಇದ್ರೂ ನಡೀತೈತಿ. ನಿಮ್ಮ ತೂಕೆಲ್ಲಾ ಕೆಳಗ ಐತಿ."

ಒಳಗಿನಿಂದ ಹೊಲಿಗೆಯ ಮಷಿನ್ನಿನ ಸದ್ದು ನಿಂತು ಹೆಂಗಸಿನ ದನಿ ಕೇಳಿತು. "ಅವ್ರು ಎಲ್ಲಾರ್ನೂ ಹಂಗ ನೋಡ್ತಾರ್ರಿ ಅಕ್ಕೋರ. ಮಠದ ಅಜ್ಜಾರು ಬಂದಾಗ ಅವರ್ನೂ ಬಿಟ್ಟಿಲ್ಲ. ಒಳಗ ಬರ್ರಿ, ಚಾ ಕುಡೀರಿ."

ಆ ದನಿ ಇಂದಕ್ಕನದು. ಚಹಾ ಕುಡಿದೆ, ಖೋಲಿ ಹಿಡಿದೆ, ಅಥಣಿಗೆ ವರ್ಗವಾಗುವ ತನಕ ಅಲ್ಲೇ ಇದ್ದೆ. ಒಬ್ಬ ಮನುಷ್ಯನಿಗೆ ಎಂಥ ದೋಣಿ ಹೊಂದುತ್ತದೆ ಎಂದು ಲೆಕ್ಕ ಹಾಕುವುದು ದಾಜಿಯ ಮಟ್ಟಿಗೆ ಆ ಮನುಷ್ಯನ ಕುಶಲ ಕೇಳಿದ ಹಾಗೆ ಎಂಬುದು ನನಗೆ ಆಮೇಲೆ ತಿಳಿಯಿತು. ನಮ್ಮ ಹೆಡ್‌ಮಾಸ್ತರರನ್ನು ಮೊದಲ ಸಲ ಕಂಡ ದಿನ, "ಇವ್ರಿಗೆ ಯಾವ ದೋಣಿನೂ ಆಗಂಗಿಲ್ರಿ, ಇವ್ರು ದಂಡಿ ಮ್ಯಾಲ ಇರ್ಲಿ," ಅಂದಿದ್ದರು. ನಾನು ಶಾಲೆಗೆ ಹೋಗಿ ಅದನ್ನು ಯಾರಿಗೂ ಹೇಳಲಿಲ್ಲ, ಆದರೆ ಹೆಡ್‌ಮಾಸ್ತರರನ್ನು ಕಂಡಾಗಲೆಲ್ಲ ನಗು ತಡೆಯುವುದು ಕಷ್ಟವಾಯಿತು.

ಅವರ ಹೆಸರು ಸಖಾರಾಮ. ಮನೆಗಣತಿಗೆ ಹೋಗಿ ಕೇಳುವ ತನಕ ಅದು ನನಗೂ ಗೊತ್ತಿರಲಿಲ್ಲ. ನಮ್ಮ ಗಡಿಭಾಗದಲ್ಲಿ ಅಕ್ಕನ ಗಂಡನಿಗೆ ದಾಜಿ ಎನ್ನುತ್ತಾರೆ. ಇಂದಕ್ಕ ಊರಿಗೆಲ್ಲ ಅಕ್ಕ, ಹೀಗಾಗಿ ಇವರು ಊರಿಗೆಲ್ಲ ದಾಜಿ. ಹುಟ್ಟಿದ್ದು ಕೊಂಕಣದ ಸಮುದ್ರದಂಡೆಯಲ್ಲಿ. ದುಡಿದದ್ದು ಗೋವಾದಲ್ಲಿ, ಫೈಬರ್ ದೋಣಿ ಮಾಡುವ ಒಂದು ಶೆಡ್ಡಿನಲ್ಲಿ. ಅಲ್ಲಿ ಅವರು ಕಟ್ಟುತ್ತಿದ್ದುದು ಮೀನುಗಾರರ ದೋಣಿಯಲ್ಲ, ಕಯಾಕ್. ಒಬ್ಬರೇ ಕಾಲು ಚಾಚಿ ಕೂತು, ಎರಡೂ ತುದಿಗೆ ಅಲಗು ಇರುವ ಹುಟ್ಟಿನಿಂದ ಎಡಬಲ ನೀರು ತಳ್ಳುತ್ತ ಸಮುದ್ರದಲ್ಲಿ ಹೋಗುವ ಉದ್ದನೆಯ, ಸಪೂರ ದೋಣಿ. ಮಾತಾಡುತ್ತಿದ್ದುದು ಅರ್ಧ ಮರಾಠಿ, ಅರ್ಧ ಕನ್ನಡ. ಸಿಟ್ಟು ಬಂದರೆ ಎರಡೂ ಬಿಟ್ಟು ಸುಮ್ಮನೆ ಸುತ್ತಿಗೆಯಿಂದ ನೆಲ ಕುಟ್ಟುತ್ತಿದ್ದರು.

ಇಂದಕ್ಕನಿಗೆ ಎಳವೆಯ ಒಂದು ಜ್ವರದಲ್ಲಿ ಎರಡೂ ಕಾಲು ಸೊರಗಿದ್ದವು. ಕೈಯಿಂದ ತಿರುಗಿಸುವ ಮಷಿನ್ನಿನ ಮುಂದೆ ಕೂತು ಅರ್ಧ ಊರಿನ ಬಟ್ಟೆ ಹೊಲಿಯುತ್ತಿದ್ದಳು. ದಾಜಿ ಗೆಳೆಯನೊಬ್ಬನ ಮದುವೆಗೆಂದು ಬೇಡಕಿಹಾಳಕ್ಕೆ ಬಂದಾಗ ದಿಬ್ಬಣದಲ್ಲಿ ಅವರ ಅಂಗಿಯ ತೋಳು ಹರಿಯಿತಂತೆ. ಮದುವೆಮನೆಯವರಿಗೆ ಕುಪ್ಪಸ ಹೊಲಿಯುತ್ತ ಅಲ್ಲೇ ಮೂಲೆಯಲ್ಲಿ ಕೂತಿದ್ದ ಇಂದಕ್ಕನ ಹತ್ತಿರ ಹೊಲಿಸಿಕೊಳ್ಳಲು ಹೋದರು. "ಆಕೀ ಕಾಲ ನಾ ನೋಡೇ ಇಲ್ರಿ," ಎಂದು ಅವರು ನನಗೆ ಎಷ್ಟೋ ಸಲ ಹೇಳಿದ್ದಾರೆ. "ಭುಜಾ ನೋಡ್ದೆ. ಬಾಪರೇ, ಏನ್ ಭುಜಾ. ಈಕೀ ಕೈಯಾಗ ಹುಟ್ಟ ಕೊಟ್ರ ಸಮುದ್ರಾ ದಾಟ್ತಾಳ ಅಂತ ಅವತ್ತ ಅನ್ಕೊಂಡೆ." ಇಂಥ ಕಾರಣಕ್ಕೆ ಮದುವೆಯಾದ ಇನ್ನೊಬ್ಬ ಗಂಡಸನ್ನು ನಾನು ಕಂಡಿಲ್ಲ. ಇಂದಕ್ಕ ಇದನ್ನು ಕೇಳಿಸಿಕೊಳ್ಳುತ್ತ ಬಾಯಲ್ಲಿ ದಾರ ಕಚ್ಚಿ ನಗುತ್ತಿದ್ದಳು.

ಮದುವೆಯಾದ ಮೇಲೂ ಅವರು ಗೋವಾದಲ್ಲಿ, ಇವಳು ಭೋಜದ ತವರಲ್ಲಿ. ಹಬ್ಬಕ್ಕೆ ಬಂದು ಹೋಗುತ್ತಿದ್ದರು. ಅವರು ಶೆಡ್ಡಿನ ಕೆಲಸ ಬಿಟ್ಟು ಶಾಶ್ವತವಾಗಿ ಬಂದದ್ದು ಒಂದು ಮಹಾಪೂರದ ಮರುತಿಂಗಳು. ಭೋಜದ ಹತ್ತಿರ ವೇದಗಂಗಾ ದೂಧಗಂಗೆಯನ್ನು ಕೂಡುತ್ತದೆ. ಮಳೆ ಜೋರಾದ ವರ್ಷ ಎರಡೂ ಹೊಳೆಗಳು ದಂಡೆ ಮರೆತು ಮನೆಯೊಳಗೆ ಬರುತ್ತವೆ. ಆಗ ಊರವರು ಬೆಲ್ಲದ ಗಾಣದಲ್ಲಿ ಕಬ್ಬಿನ ಹಾಲು ಕಾಯಿಸುವ ದೊಡ್ಡ ಕೊಪ್ಪರಿಗೆಗಳನ್ನೇ ನೀರಿಗಿಳಿಸಿ ಜನರನ್ನು ದಾಟಿಸುತ್ತಾರೆ. ದುಂಡಗಿನ ಬಾಯಿ, ಚಪ್ಪಟೆ ತಳ, ನಾಲ್ಕು ಮಂದಿ ಕೂತರೂ ಅಲುಗುವುದಿಲ್ಲ. ಇಂದಕ್ಕನನ್ನು ಅವಳ ತಮ್ಮ ಬಾಳು ತನ್ನ ಗಾಣದ ಕೊಪ್ಪರಿಗೆಯಲ್ಲಿ ದಾಟಿಸಿದ. ಜೀವ ಉಳಿಯಿತು. ಆದರೆ ಇಂದಕ್ಕ ಆ ದಿನದ ಮಾತು ತೆಗೆದರೆ ಮುಖ ಗಂಟಿಕ್ಕುತ್ತಿದ್ದಳು.

"ನನ್ನ ಹಾಸಿಗಿ, ಹೊಲಿಗಿ ಮಷಿನ್ನು, ಎರಡ ಕುರಿಮರಿ, ನಡುವ ನಾನು. ಆ ಕಡಿ ದಂಡಿಗೆ ಇಳಿಸಿದ ಮ್ಯಾಲ ಮಷಿನ್ ಎಲ್ಲಿ ಇಡೂದು ಅಂತ ಕೇಳಿದ್ರು. ಆಮ್ಯಾಲ ನನ್ನ ಎಲ್ಲಿ ಇಡೂದು ಅಂತ ಕೇಳಿದ್ರು. ಹುಟ್ಟಿದಾಗಿಂದ ಹೊಳಿ ದಂಡಿ ಮ್ಯಾಲ ಅದೀನ್ರಿ ಅಕ್ಕೋರ. ಒಮ್ಮೆರ ನೀರಾಗ ನಾನ ಹೋಗಬೇಕು. ಯಾರೂ ಎತ್ತಬಾರ್ದು, ಯಾರೂ ಹಿಡೀಬಾರ್ದು."

ಈ ಮಾತನ್ನು ಅವಳು ಗಂಡನಿಗೆ ಫೋನಿನಲ್ಲಿ ಹೇಳಿದ್ದಳು. ದಾಜಿ ಫೋನು ಇಟ್ಟು, ತಿಂಗಳೊಳಗೆ ಒಂದು ಟೆಂಪೋದಲ್ಲಿ ಉಳಿ, ರಂದ, ಬ್ರಷ್ಷು, ಫೈಬರ್ ಹಾಳೆಯ ಸುರುಳಿ, ಒಂದು ಕೇಸರಿ ಬಣ್ಣದ ತೇಲುವ ಜಾಕೀಟು ಹೇರಿಕೊಂಡು ಬಂದಿಳಿದರು. ಕಾಲಿನ ಕೆಲಸವಿಲ್ಲದೆ, ಭುಜ ಮತ್ತು ನಡುವಿನ ಬಲದ ಮೇಲೇ ಹೋಗುವ ದೋಣಿ ಇಡೀ ಜಗತ್ತಿನಲ್ಲಿ ಒಂದೇ, ಅದು ಸಮುದ್ರದ ಕಯಾಕ್, ಅದನ್ನು ಕಟ್ಟಬಲ್ಲವನು ಈ ಸುತ್ತಿನಲ್ಲಿ ತಾನೊಬ್ಬನೇ ಎಂದು ಸಾರಿದರು. ಸಮುದ್ರವಿಲ್ಲದ ಊರಲ್ಲಿ ಸಮುದ್ರದ ದೋಣಿ. ಊರಿಗೆಲ್ಲ ಒಂದು ದಾರಿಯಾದರೆ ದಾಜಿಗೇ ಒಂದು ದಾರಿ ಎಂದು ಜನ ನಕ್ಕರು.

ನಾನು ಹೋದಾಗ ಮೊದಲ ದೋಣಿಯ ಹಂದರ ಏಳುತ್ತಿತ್ತು. ಸಾಯಂಕಾಲ ಶಾಲೆಯಿಂದ ಬಂದು ಕಟ್ಟೆಯ ಮೇಲೆ ಕೂತರೆ ದಾಜಿಯ ಪಾಠ ಶುರುವಾಗುತ್ತಿತ್ತು. ದೂರದ ಹಿಮದ ನಾಡಿನಲ್ಲಿ ಗಂಡಸರು ಕಟ್ಟಿಗೆಯ ಹಂದರ ಕಟ್ಟುತ್ತಿದ್ದರಂತೆ. ಹೆಂಗಸರು ಸೀಲ್ ಎಂಬ ಕಡಲಪ್ರಾಣಿಯ ಚರ್ಮ ಹೊಲಿದು ಅದಕ್ಕೆ ಹೊದಿಸುತ್ತಿದ್ದರಂತೆ. ಟೇಪಿಲ್ಲ, ಕೋಲಿಲ್ಲ. ಉದ್ದ ಎಂದರೆ ಕೂರುವವನ ಮೂರು ಮಾರು, ಅಗಲ ಎಂದರೆ ಅವನ ಸೊಂಟ ಮತ್ತು ಎರಡು ಮುಷ್ಟಿ. "ಅಂಗಿ ಇದ್ದಂಗ್ರಿ. ಒಬ್ಬರದು ಇನ್ನೊಬ್ಬರಿಗೆ ಆಗೂದಿಲ್ಲ." ನಮ್ಮ ಹೊಳೆಯಲ್ಲಿ ಹಿಂದೆ ಓಡಾಡುತ್ತಿದ್ದ ಬಿದಿರು ಬುಟ್ಟಿಗೆ ಎಮ್ಮೆ ಚರ್ಮ ಹೊದಿಸಿದ ಹರಿಗೋಲಿಗೂ ಆ ಹಿಮದ ದೋಣಿಗೂ ಅವರು ನಂಟು ಹಚ್ಚುತ್ತಿದ್ದರು. ಒಂದು ದುಂಡಗೆ ಉಳಿಯಿತು, ಇನ್ನೊಂದು ಉದ್ದ ಬೆಳೆಯಿತು, ಅಷ್ಟೇ ಫರಕು ಎನ್ನುತ್ತಿದ್ದರು.

ಅಳತೆ ತೆಗೆಯುವ ದಿನ ದಾಜಿ ಇಂದಕ್ಕನ ಸೊಂಟದ ಎರಡೂ ಪಕ್ಕಕ್ಕೆ ತಮ್ಮ ಮುಷ್ಟಿ ಇಟ್ಟರು. ಇಂದಕ್ಕ ಅವನ್ನು ತಳ್ಳಿಹಾಕಿದಳು. "ಕೂಡಾಕಿ ನಾನು. ಮುಷ್ಟಿನೂ ನಂದ ಇರ್ಲಿ," ಅಂದಳು. ದೋಣಿ ಅಷ್ಟರ ಮಟ್ಟಿಗೆ ಕಿರಿದಾಯಿತು. ಚರ್ಮದ ಬದಲಿಗೆ ಮಳೆಗಾಲದಲ್ಲಿ ಮಾಡಿಗೆ ಹೊದಿಸುವ ನೀಲಿ ತಾಡಪತ್ರಿ. ಅದನ್ನು ಅವಳೇ ಮಷಿನ್ನಿನ ಮೇಲೆ ಹೊಲಿದಳು. ಸೂಜಿ ಮುರಿದಾಗ ಕೈಯಿಂದ ಹೊಲಿದಳು, ಹೊಲಿಗೆಗೆ ಡಾಂಬರು ಬಳಿದರು. ಬಿಗಿದು ಹೊದಿಸಿದಾಗ ಒಳಗಿನ ಹಂದರದ ಕಟ್ಟಿಗೆಗಳು ಎದ್ದು ಕಂಡು, ತಳಕ್ಕೆ ಉದ್ದಕ್ಕೂ ಏಣುಗಳು ಮೂಡಿದ್ದವು. ಬಿಸಿಲಿಗೆ ಹಿಡಿದರೆ ಒಳಗೆ ನೀಲಿ ಬೆಳಕು ತುಂಬುತ್ತಿತ್ತು. ಇಂದಕ್ಕ ಅಂಗಳದಲ್ಲೇ ಅದರೊಳಗೆ ಕೂತು ಒಂದಿಡೀ ಮಧ್ಯಾಹ್ನ ಅವರೆಕಾಯಿ ಸುಲಿದಳು.

ಹೊಳೆಗೆ ಅಡ್ಡ ಕಟ್ಟಿದ ಬಾಂದಾರದ ಹಿಂದೆ ಚಳಿಗಾಲದಲ್ಲಿ ನೀರು ನಿಂತಿರುತ್ತದೆ. ಬೆಳಗಿನ ಹೊತ್ತು ನೀರು ಯಾವುದು ಮಂಜು ಯಾವುದು ತಿಳಿಯುವುದಿಲ್ಲ. ಅಲ್ಲಿ ದಾಜಿ ಒಂದು ಮರದ ಇಳಿಜಾರು ಮಾಡಿದ್ದರು. ಇಂದಕ್ಕ ಕೈಯೂರಿ ಅದರ ಮೇಲೆ ಸರಿದು, ತಾನೇ ತೋಳಿನ ಮೇಲೆ ಮೈಯೆತ್ತಿ ದೋಣಿಯೊಳಗೆ ಇಳಿದಳು. ದೋಣಿಯ ಬಾಲಕ್ಕೆ ಉದ್ದನೆಯ ಹಗ್ಗ, ಹಗ್ಗದ ತುದಿಗೆ ಬಾಳು. ಅಕ್ಕನನ್ನು ನೀರಿಗೆ ಬಿಡಲು ಅವನು ಒಪ್ಪಿದ್ದೇ ಈ ಶರತ್ತಿನ ಮೇಲೆ. ದೋಣಿ ನೀರಿಗೆ ತಾಗಿದ್ದೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕುಲುಕಿತು. ಇಂದಕ್ಕ ನಕ್ಕಳು. ಬಾಳುವಿನ ಮುಖ ಬೆಳ್ಳಗಾಯಿತು.

"ಎಳೀರಿ ದಾಜಿ, ಎಳೀರಿ. ಅಲಗ್ಯಾಡಾಕತ್ತೈತಿ. ನಮ್ಮ ಕೊಪ್ಪರಿಗಿ ಯಾವತ್ತರ ಹಿಂಗ ಅಲಗ್ಯಾಡೇತೇನು?"

ಇಬ್ಬರೂ ಸೇರಿ ಎಳೆದರು. ಅಲ್ಲಿಗೆ ಮೊದಲ ದೋಣಿಯ ಕಥೆ ಮುಗಿಯಿತು. ಕೊಪ್ಪರಿಗೆಯಲ್ಲಿ ಕೂತು ಬೆಳೆದ ಊರು ಅದು. ಅಲುಗದ್ದು ಒಳ್ಳೆಯದು, ಅಲುಗುವುದು ಕೆಟ್ಟದ್ದು ಎಂಬುದು ಅವರ ಗಟ್ಟಿ ತೀರ್ಮಾನ. ಬಾಳು ಪಟ್ಟು ಹಿಡಿದು ಪ್ಲೈವುಡ್ಡಿನ ಎರಡನೆಯ ದೋಣಿ ಮಾಡಿಸಿದ. ಅಗಲ, ಚಪ್ಪಟೆ ತಳ, ಪಕ್ಕಗಳು ನೆಟ್ಟಗೆ. ದಾಜಿ ಬೇಡ ಬೇಡವೆನ್ನುತ್ತಲೇ ಕಟ್ಟಿಕೊಟ್ಟರು. ಅಕ್ಕ ಕೂರುವ ಮುಂಚೆ ತಾನು ಕೂತು ನೋಡುತ್ತೇನೆಂದು ಬಾಳು ಇಳಿದ. ನಿಜಕ್ಕೂ ಅದು ಅಲುಗಲಿಲ್ಲ.

"ನೋಡ್ರಿ ಅಕ್ಕೋರ, ನೀರ ಮ್ಯಾಲ ಕುಂತೀನೋ ಕಟ್ಟಿ ಮ್ಯಾಲ ಕುಂತೀನೋ ಗೊತ್ತಾಗವಲ್ದು," ಎಂದು ಕೂಗಿದ. ಅಷ್ಟರಲ್ಲಿ ಗಾಳಿಗೆ ಅವನ ಬಿಳಿ ಟೋಪಿ ಹಾರಿ ನೀರಿಗೆ ಬಿತ್ತು. ಹಿಡಿಯಲು ಬಗ್ಗಿದ. ದೋಣಿ ಇನ್ನೂ ಗಟ್ಟಿಯಾಗೇ ಇತ್ತು. ಇನ್ನಷ್ಟು ಬಗ್ಗಿದ. ಆಗ ಅದು ಯಾವ ಮುನ್ಸೂಚನೆಯನ್ನೂ ಕೊಡದೆ ಒಮ್ಮೆಲೇ ಮಗುಚಿಕೊಂಡಿತು. ದಂಡೆಯಲ್ಲಿದ್ದ ನಾವು ಹೊಟ್ಟೆ ಹಿಡಿದು ನಕ್ಕೆವು. ಟೋಪಿ ಮೊದಲು ದಂಡೆಗೆ ಬಂತು, ಬಾಳು ಆಮೇಲೆ ಬಂದ.

ದಾಜಿ ಮಾತ್ರ ನಗಲಿಲ್ಲ. "ಚಪ್ಪಟಿ ತಳದ ಗುಣಾನ ಇಷ್ಟು. ಸುಮ್ಕ ಕುಂತಾಗ ಗಟ್ಟಿ. ವಾಲಿದ್ರ ಒಂದ ಮಿತಿ ತನಕ ಸುಮ್ಕ ಇರ್ತೈತಿ, ಆಮ್ಯಾಲ ಹೇಳದ ಕೇಳದ ಕೈ ಬಿಡ್ತೈತಿ. ಸಪೂರ ದೋಣಿ ಮೊದಲಿಂದ ಕುಣೀತಿರ್ತೈತಿ, ಆದ್ರ ವಾಲಿದಷ್ಟೂ ತಡೀತೈತಿ. ತೆರಿ ಬಂದ್ರ ತೆರಿ ಜೋಡಿ ವಾಲಿ ಮತ್ತ ಎದ್ದ ಕುಂಡರ್ತೈತಿ." ಒದ್ದೆ ಬಟ್ಟೆಯಲ್ಲಿ ನಡುಗುತ್ತ ನಿಂತಿದ್ದ ಬಾಳು, "ನಿಮ್ಮದ ಖರೇ ದಾಜಿ. ಇನ್ನ ನಾ ಅಡ್ಡ ಬರೂದಿಲ್ಲ," ಎಂದು ಹಗ್ಗವನ್ನು ಅವರ ಕೈಗೆ ಕೊಟ್ಟ. ಅವತ್ತಿನಿಂದ ಹಗ್ಗ ದಾಜಿಯದಾಯಿತು.

ಆ ವರ್ಷ ಕಬ್ಬು ಸೂಲಂಗಿ ಬಿಟ್ಟಾಗಿನ ಸಂಜೆಗಳು ನನಗೆ ಈಗಲೂ ಕನಸಿನ ಹಾಗೆ ನೆನಪಾಗುತ್ತವೆ. ಭೋಜದಿಂದ ಬೇಡಕಿಹಾಳದ ದಾರಿಯ ಎರಡೂ ಕಡೆ ಗದ್ದೆಯ ಮೇಲೆ ಬೆಳ್ಳನೆಯ ಹೂಗರಿ. ಗಾಳಿ ಬಂದರೆ ಅದೆಲ್ಲ ಒಂದೇ ಕಡೆಗೆ ಬಾಗಿ, ಹೊಳೆದು, ಮತ್ತೆ ಏಳುತ್ತಿತ್ತು. ಗಾಣಗಳ ಹೊಗೆಯಲ್ಲಿ ಬೆಲ್ಲದ ವಾಸನೆ. ದಾಜಿ ಕಟ್ಟೆಯ ಮೇಲೆ ಕೂತು ಕಣ್ಣು ಅರ್ಧ ಮುಚ್ಚಿ, "ಬಘಾ ಅಕ್ಕೋರ, ಸಮುದ್ರಾ ಬಂತು," ಎನ್ನುತ್ತಿದ್ದರು. ನಾನೂ ಕಣ್ಣು ಸಣ್ಣದು ಮಾಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ನಿಜವಾಗಿಯೂ ನಮ್ಮ ಕಟ್ಟೆ ಮೆಲ್ಲಗೆ ತೇಲುತ್ತಿದೆ ಅನ್ನಿಸುತ್ತಿತ್ತು. ಒಳಗೆ ಇಂದಕ್ಕನ ಮಷಿನ್ನು ಕಟಕಟ ಎನ್ನುತ್ತಿತ್ತು, ಯಾರೂ ಏಳುತ್ತಿರಲಿಲ್ಲ.

ಅಂಥದೊಂದು ಸಂಜೆ ಅವರು ತಮ್ಮ ಅಥಣಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ನನಗೆ ತಳದ ಗುಟ್ಟು ಹೇಳಿದರು. ಹೊಸ ಚಪ್ಪಲಿಯ ತಳ ನೆಟ್ಟಗೆ. ಮೆಟ್ಟಿ ಮೆಟ್ಟಿ ಹಳತಾದದ್ದು ಮುಂದೆ ಹಿಂದೆ ಮೇಲೆದ್ದು, ನಡುವೆ ಮಾತ್ರ ನೆಲಕ್ಕೆ ತಾಗುತ್ತದೆ. "ಹೊಸಾದು ನೆಟ್ಟಗ ಹೋಗ್ತೈತಿ, ತಿರಗಂದ್ರ ತಿರಗೂದಿಲ್ಲ. ಹಳೇದು ಗರಕ್ನ ತಿರಗ್ತೈತಿ, ಆದ್ರ ನೆಟ್ಟಗ ಹೋಗೂದಿಲ್ಲ. ಕಯಾಕ್ ಕಟ್ಟಾವರ ಜಗಳೆಲ್ಲಾ ಇಷ್ಟ." ಚರ್ಮದ ಕಾಲಕ್ಕೆ ಏಣಿನ ತಳ, ಪ್ಲೈವುಡ್ಡಿನ ಕಾಲಕ್ಕೆ ಚಪ್ಪಟೆ, ಫೈಬರ್ ಬಂದ ಮೇಲೆ ಬೇಕಾದಂಥ ಗುಂಡು, ಪ್ಲಾಸ್ಟಿಕ್ ಅಚ್ಚು ಬಂದ ಮೇಲೆ ಎಲ್ಲ ದೋಣಿಗಳಿಗೂ ಬೊಜ್ಜು. ಈಗ ಮತ್ತೆ ಏಣಿನ ಕಡೆಗೇ ಹೊರಟಿದ್ದಾರೆ ಎಂದು ನಿಟ್ಟುಸಿರು ಬಿಟ್ಟರು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನಾಯಿ ಇನ್ನೊಂದು ಚಪ್ಪಲಿ ಎತ್ತಿಕೊಂಡು ಹೋಗಿತ್ತು. ದಾಜಿ ಬರಿಗಾಲಲ್ಲಿ ಅದರ ಹಿಂದೆ ಓಡಿದರು.

ಮೂರನೆಯ ದೋಣಿ ಫೈಬರಿನದು. ಗುಂಡನೆಯ ಹೊಟ್ಟೆ, ಮೊಟ್ಟೆಯ ಹಾಗೆ ನುಣುಪು. ಅದನ್ನು ನೀರಿಗಿಳಿಸುವ ದಿನ ಓಣಿಯ ಹೆಂಗಸರೆಲ್ಲ ಬಂದರು. ನಮ್ಮಲ್ಲಿ ಹೊಳೆ ತುಂಬಿ ಬಂದಾಗ ಅದಕ್ಕೆ ಉಡಿ ತುಂಬುವ ಪದ್ಧತಿಯಿದೆ. ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನ ಬೇರು. ದೋಣಿಯೂ ಹೆಣ್ಣೇ ಎಂದು ಯಾರೋ ಅಂದರು, ಅದಕ್ಕೂ ಉಡಿ ತುಂಬಬೇಕೆಂದು ಎಲ್ಲರೂ ಒಪ್ಪಿದರು. ದಾಜಿ ಹಗ್ಗ ತರಲು ಮನೆಗೆ ಹೋದ ಹೊತ್ತಿನಲ್ಲಿ ಒಬ್ಬೊಬ್ಬರೂ ತಮ್ಮ ಪಾಲಿನ ತೆಂಗಿನಕಾಯಿ, ಅಕ್ಕಿ ದೋಣಿಯ ಮೂಗಿನೊಳಗೆ ತುರುಕಿದರು. ನನ್ನದೂ ಒಂದು ಕಾಯಿ ಇತ್ತು.

ಇಂದಕ್ಕ ಹುಟ್ಟು ಹಾಕಿದಳು. ಪಡುವಣ ಗಾಳಿ ಬೀಸುತ್ತಿತ್ತು. ಅವಳು ಎದುರಿನ ದಂಡೆಗೆ ಹೋಗಬೇಕೆಂದರೆ ದೋಣಿ ಮೆಲ್ಲಗೆ ಮೂಗು ಹೊರಳಿಸಿ ಪಡುವಣಕ್ಕೆ ಮುಖ ಮಾಡಿತು. ತಿರುಗಿಸಿದಳು. ಮತ್ತೆ ಪಡುವಣಕ್ಕೆ. ಎಷ್ಟು ಸಲ ತಿರುಗಿಸಿದರೂ ಅದೇ. ಹೊಳೆ ಮೂಡಣಕ್ಕೆ ಹರಿಯುತ್ತದೆ, ಕೃಷ್ಣೆ ಸೇರಿ ಎಲ್ಲೋ ದೂರದ ಸಮುದ್ರಕ್ಕೆ ಹೋಗುತ್ತದೆ. ಹತ್ತಿರದ ಸಮುದ್ರ ಇರುವುದು ಪಡುವಣಕ್ಕೆ, ಘಟ್ಟದ ಆಚೆ, ದಾಜಿಯ ಊರಿನಲ್ಲಿ. "ದೋಣಿ ತವರಿಗೆ ಹೊಂಟೈತಿ ನೋಡ," ಎಂದು ಒಬ್ಬ ಅಜ್ಜಿ ಕೈಮುಗಿದಳು. ನನಗೂ ಆ ಗಳಿಗೆ ಅದು ನಿಜವೆನಿಸಿತು. ಇಂದಕ್ಕ ಹುಟ್ಟನ್ನು ತೊಡೆಯ ಮೇಲಿಟ್ಟು ಅದು ತಿರುಗಿದ ಕಡೆಗೇ ನೋಡುತ್ತ ಕೂತುಬಿಟ್ಟಳು.

ದಾಜಿ ಹಗ್ಗ ಎಳೆದು ದೋಣಿ ತಂದರು. ಮೂಗಿನೊಳಗೆ ಕೈ ಹಾಕಿದರು. ಒಂದು ಕಾಯಿ ಬಂತು, ಇನ್ನೊಂದು ಬಂತು, ಅಕ್ಕಿಯ ಗಂಟು ಬಂತು. ನಾವೆಲ್ಲ ಒಬ್ಬರ ಹಿಂದೆ ಒಬ್ಬರು ನಿಂತೆವು. "ಮೂಗ ಭಾರ ಆತು, ಬಾಲ ಹಗೂರ ಆತು," ಅಂದರು. "ಗಾಳಿ ಬಾಲ ತಳ್ಳತೈತಿ, ಮೂಗ ಗಾಳೀ ಕಡೆ ಹೊಳ್ಳತೈತಿ. ನಮ್ಮ ಕಡೆನೂ ಸಮುದ್ರಕ್ಕ ನಾರಳ ಕೊಡ್ತಾರ, ಆದ್ರ ನೀರಾಗ ಕೊಡ್ತಾರ, ದೋಣಿ ಹೊಟ್ಟ್ಯಾಗ ಅಲ್ಲ." ಸಿಟ್ಟಿನಿಂದಲೇ ಒಂದು ಉತ್ತತ್ತಿ ಬಾಯಿಗೆ ಹಾಕಿಕೊಂಡರು. ಕಾಯಿಗಳನ್ನೆಲ್ಲ ತೆಗೆದ ಮೇಲೆ ದೋಣಿ ಇಂದಕ್ಕ ಹೇಳಿದ ಕಡೆಗೆ ಹೋಯಿತು, ಹಗ್ಗ ಇದ್ದಷ್ಟು ದೂರ.

ಆದರೆ ದಾಜಿ ಒಪ್ಪಲಿಲ್ಲ. ಹೊಟ್ಟೆ ಬಹಳ ಗುಂಡಾಯಿತು, ಬಾಲ ಚಿಕ್ಕದಾಯಿತು, ಕೂರುವ ಜಾಗ ಒಂದು ಬೆರಳು ಮುಂದಾಯಿತು. ದಿನಕ್ಕೊಂದು ಕೊರತೆ ಹುಡುಕಿ, ಹಗ್ಗ ಬಿಚ್ಚುವ ಮಾತು ಬಂದಾಗಲೆಲ್ಲ, "ಈ ತಳಾ ಅಲ್ಲ. ಮುಂದಿಂದು ಆಗ್ಲಿ, ಬಿಚ್ಚೂಣು," ಎನ್ನುತ್ತಿದ್ದರು. ಒಂದು ದಿನ ಇಂದಕ್ಕ ನನ್ನ ರವಿಕೆಗೆ ಗುಂಡಿ ಹಚ್ಚುತ್ತ, ತಲೆಯೆತ್ತದೆ ಹೇಳಿದಳು.

"ದೋಣಿ ಯಾವಾಗೋ ಛಲೋ ಆಗೇತ್ರಿ ಅಕ್ಕೋರ. ತಾಡಪತ್ರೀದೂ ಛಲೋ ಇತ್ತು. ಇವ್ರಿಗೆ ಅಂಜಿಕಿ."

"ದಾಜಿಗೆ ಅಂಜಿಕೆಯೇ?" ಅಂದೆ.

"ಬಾಳೂನ ಅಂಜಿಕಿ ಮುಗೀತು, ಇವ್ರದು ಚಾಲೂ ಆತು. ಬಾಯಿಲೆ ಹೇಳೂದಿಲ್ಲ. ಅಂಜಿಕಿ ಬಂದಾಗೊಮ್ಮೆ ಹೊಸಾ ದೋಣಿ ಕಟ್ತಾರ."

ಹೆಂಡತಿಯನ್ನು ಒಬ್ಬಳೇ ನೀರಿಗೆ ಕಳಿಸಬೇಕೆಂದು ಗೋವಾ ಬಿಟ್ಟು ಬಂದ ಮನುಷ್ಯನೇ ಹಗ್ಗ ಬಿಡಲಾರದೆ ಕೂತಿದ್ದ. ಆ ರಾಮಾಯಣ ನೋಡಿ ನನಗೆ ದಾಜಿಯ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು. ಅಷ್ಟರಲ್ಲಿ ಅವರ ಕೆಮ್ಮು ಶುರುವಾಗಿತ್ತು. ಆಯುಷ್ಯವಿಡೀ ಫೈಬರ್ ಉಜ್ಜಿದ ಧೂಳು ಎದೆಯಲ್ಲಿ ಕೂತಿದೆ ಎಂದು ನಿಪ್ಪಾಣಿಯ ಡಾಕ್ಟರು ಹೇಳಿದರು. ಇನ್ನು ಆ ಕೆಲಸ ಮುಟ್ಟಬಾರದೆಂದರು. ದಾಜಿ ಹೌದ್ರಿ ಹೌದ್ರಿ ಎಂದು ಮನೆಗೆ ಬಂದು, ಮೂಗಿಗೆ ಇಂದಕ್ಕನ ಹಳೆಯ ಸೆರಗಿನ ತುಂಡು ಕಟ್ಟಿಕೊಂಡು ನಾಲ್ಕನೆಯದಕ್ಕೆ ಕೈ ಹಚ್ಚಿದರು.

ಅದು ಮುಗಿಯುವ ಮುಂಚೆಯೇ ನನಗೆ ಅಥಣಿಗೆ ವರ್ಗವಾಯಿತು. ಹೊರಡುವ ದಿನ ದಾಜಿ ಅಂಗಳದಲ್ಲಿ ಕೂತು, ಉಜ್ಜುವುದಕ್ಕಿಂತ ಹೆಚ್ಚು ಹೊತ್ತು ಉಸಿರಾಡುತ್ತಿದ್ದರು. ದೋಣಿ ಫೈಬರಿನದೇ. ಆದರೆ ತಳಕ್ಕೆ ಮೊದಲನೆಯ ತಾಡಪತ್ರಿಯ ದೋಣಿಯ ಹಾಗೆ ಮೆತ್ತಗಿನ ಏಣುಗಳಿದ್ದವು. ಎರಡೂ ತುದಿ ಚೂರೇ ಮೇಲೆದ್ದಿತ್ತು. "ಸುತ್ತಿ ಸುತ್ತಿ ಅಲ್ಲಿಗೇ ಬಂದ್ರಿ ದಾಜಿ," ಎಂದು ಬಾಳು ಚೇಷ್ಟೆ ಮಾಡಿದ. ಅವರು ತಳದ ಮೇಲೆ ಅಂಗೈ ಆಡಿಸಿದರು.

ಆ ಚಳಿಗಾಲದಲ್ಲಿ ಇಂದಕ್ಕನೇ ಫೋನು ಮಾಡಿದಳು. ದೋಣಿ ಆಗಿದೆ, ಐತವಾರ ಬರ್ರಿ ಅಂದಳು. ನಾನು ಅಥಣಿಯಿಂದ ಮೊದಲ ಬಸ್ಸು ಹಿಡಿದು, ಚಿಕ್ಕೋಡಿಯಲ್ಲಿ ಬದಲಿಸಿ, ಭೋಜ ಮುಟ್ಟಿದಾಗ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಬಾಂದಾರದ ದಂಡೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ದಾಜಿ ಕೂತಿದ್ದರು. ಬಹಳ ಇಳಿದುಹೋಗಿದ್ದರು. ಕುತ್ತಿಗೆಗೆ ಮಫ್ಲರು, ಮುಂಗೈಗೆ ಎರಡು ಸುತ್ತು ಹಗ್ಗ. ನನ್ನನ್ನು ಕಂಡು, ಸೊಂಟ ನೋಡದೆ ಮೊದಲು ಮುಖವನ್ನೇ ನೋಡಿದರು. ಅದೇ ನನಗೆ ಬಹಳ ಕೆಟ್ಟದ್ದೆನಿಸಿತು.

ಇಂದಕ್ಕ ಕೇಸರಿ ಜಾಕೀಟು ತೊಟ್ಟು ಆಗಲೇ ದೋಣಿಯಲ್ಲಿ ಕೂತಿದ್ದಳು. ಬಾಳು ಬಂದು, "ದಾಜಿ, ನಿಮ್ಮ ಕೈಯಾಗ ಆಗೂದಿಲ್ಲ, ಹಗ್ಗ ನಂಗ ಕೊಡ್ರಿ," ಅಂದ.

ಇಂದಕ್ಕ ನೀರಿನಿಂದಲೇ ಹೇಳಿದಳು. "ಬಾಳೂ, ನೀ ಹಿಡೀಬ್ಯಾಡ. ಅಕ್ಕೋರೂ ಬ್ಯಾಡ." ಆಮೇಲೆ ಗಂಡನ ಕಡೆ ನೋಡಿ, "ಹಿಡದ್ರ ನೀವ ಹಿಡೀರಿ. ಆಗೂದಿಲ್ಲಾಂದ್ರ ಬಿಡ್ರಿ," ಅಂದಳು.

ಇಂದಕ್ಕ ಹುಟ್ಟು ಹಾಕಿದಳು. ದೋಣಿ ಸದ್ದಿಲ್ಲದೆ ಮಂಜಿನೊಳಕ್ಕೆ ಹೊರಟಿತು. ಅವರ ಕಾಲ ಬಳಿ ಸುತ್ತಿದ್ದ ಹಗ್ಗ ಒಂದೊಂದೇ ಸುತ್ತು ಬಿಚ್ಚಿಕೊಂಡು ನೀರಿಗೆ ಹೋಯಿತು. ಕೊನೆಗೆ ಮುಂಗೈಯ ಎರಡು ಸುತ್ತು ಉಳಿಯಿತು. ಹಗ್ಗ ಬಿಗಿಯಾಯಿತು. ಅಲ್ಲಿ, ಮಸುಕಿನಲ್ಲಿ, ಕೇಸರಿ ಜಾಕೀಟು ನಿಂತಿತು. ಅವಳು ತಿರುಗಿ ನೋಡಲಿಲ್ಲ, ಎಳೆಯಲೂ ಇಲ್ಲ. ಸುಮ್ಮನೆ ಹುಟ್ಟನ್ನು ಅಡ್ಡ ಹಿಡಿದು ಕಾಯ್ದಳು.

ದಾಜಿಯ ಎದೆ ಗೊರಗೊರ ಎನ್ನುತ್ತಿತ್ತು. ಅವರು ಎಡಗೈಯಿಂದ ಬಲಗೈಯ ಸುತ್ತು ಬಿಚ್ಚಿದರು, ನಿಧಾನವಾಗಿ, ಮೊದಲು ಒಂದು, ಆಮೇಲೆ ಇನ್ನೊಂದು. ಹಗ್ಗದ ತುದಿ ದಂಡೆಯ ಕೆಸರಿನ ಮೇಲೆ ಸರಿದು ನೀರಿಗೆ ಇಳಿಯಿತು. ದೋಣಿ ಮುಂದೆ ಹೋಯಿತು. ಎರಡು ಹೊಳೆ ಕೂಡುವ ಕಡೆಗೆ ಹೋಗಿ ಮಂಜಿನಲ್ಲಿ ಕಾಣದಾಯಿತು.

ಹುಟ್ಟು ನೀರಿಗೆ ಬೀಳುವ ಸದ್ದು ಮೊದಲು ಕೇಳುತ್ತಿತ್ತು, ಆಮೇಲೆ ಅದೂ ಇಲ್ಲ. ಬಾಳು ಅತ್ತಿಂದಿತ್ತ ಅಡ್ಡಾಡಿದ. ದಾಜಿ ಎರಡೂ ಅಂಗೈ ತೊಡೆಯ ಮೇಲಿಟ್ಟು ನೀರನ್ನೇ ನೋಡುತ್ತಿದ್ದರು. ದೋಣಿ ಹೋದ ದಾರಿ ನಿಂತ ನೀರಿನ ಮೇಲೆ ಇನ್ನೂ ಅಳಿಸಿರಲಿಲ್ಲ.

"ಗೆರಿ ನೋಡ್ರಿ ಅಕ್ಕೋರ," ಅಂದರು ಪಿಸುದನಿಯಲ್ಲಿ. "ಹೆಂಗ ಐತಿ?"

"ನೆಟ್ಟಗಿದೆ ದಾಜಿ," ಅಂದೆ.

"ದಾರ ಹಿಡದಂಗ ಐತಿ. ಇಷ್ಟ ನೆಟ್ಟಗ ಹೋಗೂ ತಳಾ ನಾ ಗೋವಾದಾಗೂ ಮಾಡಿಲ್ಲ," ಅಂದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಮಂಜು ಕರಗಿ ಬಿಸಿಲು ಬಿದ್ದ ಮೇಲೆ ಇಂದಕ್ಕ ಬಂದಳು. ಹುಟ್ಟು ಎಡಕ್ಕೆ, ಬಲಕ್ಕೆ, ಆತುರವಿಲ್ಲದೆ. ಹಿಂದೆ ಹಗ್ಗ ತೇಲುತ್ತ ಬರುತ್ತಿತ್ತು. ಅವಳ ಮುಖ ಹೇಗಿತ್ತೆಂದರೆ, ನಾನು ಅವಳನ್ನು ಅಷ್ಟು ವರ್ಷ ನೋಡಿದ್ದೆ, ಆ ಮುಖ ನೋಡಿರಲಿಲ್ಲ. ಇಳಿಜಾರಿಗೆ ಮೂಗು ತಾಗಿಸಿ ನಿಲ್ಲಿಸಿದಳು. ದಾಜಿ ಕುರ್ಚಿಯಿಂದ ಮುಂದೆ ಬಾಗಿದರು.

"ಹೆಂಗ ಐತಿ ತಳಾ?"

ಇಂದಕ್ಕ ಅವರ ಮುಖವನ್ನು, ಮಫ್ಲರನ್ನು, ಏರಿಳಿಯುವ ಎದೆಯನ್ನು ನೋಡಿದಳು. ಹುಟ್ಟಿನ ನೀರು ಝಾಡಿಸಿದಳು.

"ಛಲೋ ಐತಿ. ಆದ್ರ ಜರಾ ಎಡಕ್ಕ ಜಗ್ಗತೈತಿ ನೋಡ್ರಿ," ಅಂದಳು.

ನಾನು ಬಾಯಿ ತೆರೆಯುವವಳಿದ್ದೆ. ದಾಜಿ ನನ್ನ ಕಡೆ ಒಮ್ಮೆ ನೋಡಿದರು, ಆಮೇಲೆ ಹೆಂಡತಿಯ ಕಡೆ ನೋಡಿದರು. ಆ ಮೀಸೆಯ ಕೆಳಗೆ ಒಂದು ನಗು ಬಂದು ನಿಂತಿತು.

"ಹೌದಾ?" ಅಂದರು. "ಹಂಗಾರ ಇನ್ನೊಂದ ಕಟ್ಟಬೇಕಾತು."

ಮಧ್ಯಾಹ್ನ ಊಟವಾದ ಮೇಲೆ ನಾನು ಬಸ್ಸಿಗೆ ಹೊರಟಾಗ ಅವರು ಅಂಗಳದ ಫರಶಿಯ ಮೇಲೆ ಸುಣ್ಣದ ಕಡ್ಡಿಯಿಂದ ಐದನೆಯ ದೋಣಿಯ ಗೆರೆ ಎಳೆಯುತ್ತಿದ್ದರು. ಇಂದಕ್ಕ ಪಕ್ಕದಲ್ಲಿ ಕೂತು, ಅಲ್ಲ, ಇಲ್ಲಿ, ಇನ್ನೂ ಜರಾ ಈ ಕಡೆ, ಎಂದು ಹೇಳುತ್ತಿದ್ದಳು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಹಾಗೆ. ಮಳೆ ಹಿಡಿಯುವ ಮೊದಲೇ ದಾಜಿ ಹೋದರು.

ಹೋದ ತಿಂಗಳು ಇಂದಕ್ಕನನ್ನು ನೋಡಲು ಹೋಗಿದ್ದೆ. ಬೆಳಿಗ್ಗೆ ದಿನಾ ನೀರಿಗೆ ಹೋಗುತ್ತಾಳೆ, ಅದೇ ನಾಲ್ಕನೆಯ ದೋಣಿಯಲ್ಲಿ. ನಾನು ದಂಡೆಯಲ್ಲಿ ನಿಂತು ನೋಡಿದೆ. ತಿರುಗಿ ಬಂದವಳನ್ನು, ಈಗ ಹೇಗೆ ಹೋಗುತ್ತದೆ ಎಂದು ಕೇಳಿದೆ.

"ನೆಟ್ಟಗ ಹೋಗ್ತೈತ್ರಿ," ಅಂದಳು. ಹುಟ್ಟಿನ ನೀರು ಝಾಡಿಸಿ, "ಕೇಳಾವ್ರು ಇದ್ದಿದ್ರ ಇನ್ನೂ ಎಡಕ್ಕ ಜಗ್ಗತಿತ್ತು," ಅಂದಳು.